ಆ್ಯಪ್ ಆಮೇಲೆ, ಮೊದಲು ತಂಬೂರಿ
ಫೋನಲ್ಲೇ ತಂಬೂರಿ ಆ್ಯಪ್ ಇರುವಾಗ ಸಂಗೀತ ಕಲಿಯೋ ಮಕ್ಕಳ ಕೈಲಿ ತಂಬೂರಿ ಶ್ರುತಿ ಮಾಡ್ಸೋದು ಟೈಮ್ ವೇಸ್ಟ್ ಅಂತ ಬರ್ದಿದೀರಲ್ಲ ಸರ್, ನಾನು ಒಪ್ಪಲ್ಲ. ನಮ್ಮ ಮೇಷ್ಟ್ರು ತಿಂಗಳುಗಟ್ಲೆ ಪ ಸ ಸ ಸ ನಾಲ್ಕು ತಂತಿ ಕೂಡಿಸೋದನ್ನೇ ಮಾಡ್ಸಿದ್ರು, ತಂತಿ ಬಿಗಿ ಮಾಡೋ ಬಿರಡೆ ತಿರುಗಿಸಿ, ತಂತೀಲಿರೋ ಮಣಿ ಸರಿಸಿ, ಆಮೇಲೆ ಕುದುರೆ (ತಂತಿಗಳು ಕೂರೋ ಪಟ್ಟಿ) ಮೇಲೆ ತಂತಿ ಕೆಳಗೆ ನೂಲಿನ ಎಳೆ ಇರತ್ತಲ್ಲ ಜೀವಾಳ, ಅದನ್ನ ಒಂಚೂರು ಆಚೆ ಒಂಚೂರು ಈಚೆ ಮಾಡ್ತಾ ಮಾಡ್ತಾ ಒಂದ್ಸಲ ಝುಂ ಅಂತ ನಾದ ಬಿಚ್ಕೊಳತ್ತೆ ನೋಡಿ, ಯಾವ ತಂತೀಗೂ ಕೂಡಿಸದೇ ಇರೋ ಅಂತರ ಗಾಂಧಾರ (ಒಂದು ಬಗೆಯ ಗ ಸ್ವರ) ಮಂದ್ರ ಷಡ್ಜದೊಳಗಿಂದ, ಅಂದ್ರೆ ಕೆಳಗಿನ ಸ ಒಳಗಿಂದ, ತಾನಾಗೇ ಕೇಳ್ಸತ್ತೆ! ಅದನ್ನ ಕೇಳಿದ ಕಿವಿಗೆ ಅದೇ ಗ ಇರೋ ಮಾಯಾಮಾಳವಗೌಳ ರಾಗದಲ್ಲಿ ಮೊದಲು ಕಲಿಸೋ ಸರಳೆ ವರಸೇಲಿ ಗ ಎಲ್ಲಿ ನಿಲ್ಬೇಕು ಅಂತ ಬೇರೆ ಹೇಳಬೇಕಾಗಲ್ಲ. ಈಗ ನಾನೂ ಪ್ರಾಕ್ಟೀಸ್‌ಗೆ ಆ್ಯಪೇ ಹಾಕೋದು, ಆದ್ರೆ ಮಗಳಿಗೆ ಮಾತ್ರ ತಂಬೂರಿಯಿಂದಲೇ ಶುರು ಮಾಡ್ಸಿದೀನಿ.