ಜೀವನ ಪ್ರಮಾಣ

ಹೋದ ವರ್ಷ ಶಿವಮೊಗ್ಗಕ್ಕೆ ಹೋದಾಗ ಸೋದರತ್ತೆಗೆ ಹೊಸ ಫೋನ್ ಕೊಡಿಸಿದೆ. "ಕೊಡಿ ಅತ್ತೆ ಇಲ್ಲಿ" ಅಂತ ಕೈಯಿಂದ ಕಿತ್ತುಕೊಂಡು ಹತ್ತೇ ನಿಮಿಷದಲ್ಲಿ ವಾಟ್ಸಾಪ್, ಯೂಟ್ಯೂಬ್ ಎಲ್ಲ ಹಾಕಿಕೊಟ್ಟೆ. ದೊಡ್ಡ ಉಪಕಾರ ಮಾಡಿದ ಹಾಗೆ ಬಸ್ ಹತ್ತಿದೆ. ಎರಡು ತಿಂಗಳಾದ ಮೇಲೆ ನೋಡಿದರೆ ಫೋನ್ ಬೀರುವಿನಲ್ಲಿ, ಸೀರೆಗಳ ನಡುವೆ.

ಅದನ್ನು ಹೊರಗೆ ತೆಗೆಸಿದವಳು ಪಕ್ಕದ ಮನೆಯ ಪಿಯುಸಿ ಹುಡುಗಿ. ಅತ್ತೆ ಒತ್ತಿದರೆ ಸ್ಕ್ರೀನಿಗೆ ಗೊತ್ತೇ ಆಗುತ್ತಿರಲಿಲ್ಲವಂತೆ. ವಯಸ್ಸಾದ ಮೇಲೆ ಬೆರಳ ತುದಿ ಒಣಗುತ್ತೆ. ಒಣ ಬೆರಳನ್ನು ಟಚ್‌ಸ್ಕ್ರೀನ್ ಸರಿಯಾಗಿ ಗುರುತಿಸಲ್ಲ. ಅತ್ತೆ ಇನ್ನೂ ಜೋರಾಗಿ ಒತ್ತಿ ಹಿಡಿಯುತ್ತಿದ್ದರು, ಇನ್ನೇನೋ ತೆರೆದುಕೊಳ್ಳುತ್ತಿತ್ತು. ಮೂವತ್ತು ವರ್ಷ ಮೇಷ್ಟ್ರಗಿರಿ ಮಾಡಿದವರು "ನನ್ನ ತಲೆಗೆ ಹತ್ತಲ್ಲ" ಅಂತ ಸುಮ್ನಾಗಿಬಿಟ್ಟಿದ್ದರು. ಹುಡುಗಿ ಒದ್ದೆ ಬಟ್ಟೆಗೆ ಬೆರಳು ತಾಗಿಸಿಕೊಳ್ಳೋಕೆ ಹೇಳಿದಳು, ಅಷ್ಟೇ. ಫೋನ್ ಅತ್ತೆಯ ಕೈಯಲ್ಲೇ ಇತ್ತು.

ಈಗ ಅತ್ತೆಯ ಹತ್ತಿರ ಒಂದು ನೋಟ್‌ಬುಕ್ ಇದೆ. ಪೆನ್ಸಿಲಿನಲ್ಲಿ ಮೈಕಿನ ಚಿತ್ರ, ಕೆಳಗೆ ದುಂಡು ಅಕ್ಷರದಲ್ಲಿ: "ಒತ್ತಿ ಹಿಡಿದೇ ಮಾತಾಡುವುದು. ಬೆರಳು ತೆಗೆದರೆ ಹೋಯಿತು." ಇನ್ನೊಂದು ಪುಟದಲ್ಲಿ: "ಓಟಿಪಿ ಯಾರಿಗೂ ಹೇಳಕೂಡದು. ಮೊಮ್ಮಗ ಅಂದರೂ." ಕೊನೆಯ ಪುಟದಲ್ಲಿ ಸೈಬರ್ ವಂಚನೆಯ ಸಹಾಯವಾಣಿ, 1930, ಅಂಗೈ ಅಗಲ.

ನವೆಂಬರಿನಲ್ಲಿ ಪೆನ್ಷನ್ನಿಗೆ ಕೊಡುವ ಜೀವನ ಪ್ರಮಾಣವನ್ನೂ, ಅಂದರೆ ಬದುಕಿದ್ದೇನೆ ಅನ್ನೋ ಪುರಾವೆಯನ್ನೂ, ಫೋನಿಗೆ ಮುಖ ತೋರಿಸಿ ಮನೆಯಲ್ಲೇ ಮುಗಿಸಿದರು. ನಾನು ಶಭಾಷ್ ಅಂದೆ. ಅತ್ತೆಗೆ ಅಷ್ಟೇನೂ ಖುಷಿ ಇರಲಿಲ್ಲ. "ಬ್ಯಾಂಕಿಗೆ ಹೋದರೆ ಹಳೇ ಟೀಚರುಗಳೆಲ್ಲ ಸಿಗುತ್ತಿದ್ದರು ಕಣೋ."

ಫೋನ್ ಕೊಡಿಸಿದರೆ ಒಂಟಿತನ ಹೋಗುತ್ತೆ ಅಂತ ನಾವು ಅಂದುಕೊಂಡಿದ್ದೇವಲ್ಲ, ಅದು ನಮ್ಮ ಸಮಾಧಾನಕ್ಕೆ. ಅತ್ತೆಗೆ ಬೇಕಾಗಿದ್ದು ವಾರಕ್ಕೆರಡು ಸಂಜೆ ಜಗಲಿ ಮೇಲೆ ಕೂತು ಹೇಳಿದ್ದನ್ನೇ ನಾಲ್ಕು ಸಲ ಹೇಳುವವರು. ಹುಡುಗಿಗೂ ಏನೋ ಬೇಕಿತ್ತು ಅನ್ನಿಸುತ್ತೆ. ಅಪ್ಪ ಅಮ್ಮ ಕೆಲಸ ಮುಗಿಸಿ ಬರೋದು ಏಳು ಗಂಟೆಗೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ. ಅದು ಎಲ್ಲರಿಗಿಂತ ಜಾಸ್ತಿ ಹದಿಹರೆಯದವರಲ್ಲಂತೆ, ಮುದುಕರಲ್ಲಿ ಅಲ್ಲ.

ಈಗ ಅವಳಿಗೆ ಪರೀಕ್ಷೆ, ಪಾಠ ನಿಂತಿದೆ. ನಿನ್ನೆ ಅತ್ತೆಯಿಂದ ವಾಯ್ಸ್ ಮೆಸೇಜ್ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು. "ಈ ಪಿಯುಸಿ ಪರೀಕ್ಷೆ ಯಾವತ್ತು ಮುಗಿಯುತ್ತೆ ಅಂತ ಫೋನಲ್ಲಿ ಹ್ಯಾಗೋ ನೋಡೋದು?"