ಇಷ್ಟುದ್ದ ಕೊರೆದವ ಗೋಡೆ ನೋಡಲಿಕ್ಕೆ ಕೊರೆದದ್ದಾ?

ಎಲ್ಡನ್ ರಿಂಗ್ ಅನ್ನುವ ವಿಡಿಯೋ ಗೇಮ್ ಮುಗಿಸಿದೆ ಅಂತ ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ ಪ್ರಶ್ನೆ. ಮಲೇನಿಯಾ ಸಿಕ್ಕಿದಳಾ? ಸುಮಾರು ಜನ ತಲೆ ಕೆರೆದುಕೊಳ್ಳುತ್ತಾರೆ. ‘ಯೂಟ್ಯೂಬ್‌ನಲ್ಲಿ ನೋಡಿದ್ದೇನೆ, ನನ್ನ ಗೇಮ್‌ನಲ್ಲಿ ಬರಲೇ ಇಲ್ಲ’ ಅನ್ನುತ್ತಾರೆ. ಬರುವುದಿಲ್ಲ ಮಾರಾಯ್ರೆ. ಅವಳು ದಾರಿಯಲ್ಲಿ ಕಾದು ಕೂತಿಲ್ಲ, ನೀವೇ ಹುಡುಕಿಕೊಂಡು ಹೋಗಬೇಕು. ಇಡೀ ಗೇಮ್‌ನಲ್ಲಿ ಅತಿ ಕಷ್ಟದ ಬಾಸ್, ಅಂದರೆ ದೊಡ್ಡ ಎದುರಾಳಿ, ಅಂತ ಹೆಸರಾದವಳನ್ನು, ಅವಳಿರುವ ಇಡೀ ಪ್ರದೇಶವನ್ನು ನೋಡದೆಯೇ ಕತೆ ಮುಗಿಸಬಹುದು. ಇಷ್ಟು ಖರ್ಚು ಮಾಡಿ ಕಟ್ಟಿದ್ದನ್ನು ಹೀಗೆ ಬಚ್ಚಿಡುವ ಧೈರ್ಯ ಎಷ್ಟು ಕಂಪನಿಗಳಿಗಿದೆ ಹೇಳಿ?

(ಗುಟ್ಟುಗಳ ಬಗ್ಗೆಯೇ ಬರೆಯುತ್ತಿದ್ದೇನೆ. ಇನ್ನೂ ಆಡದವರು, ಆಡಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿ. ಆಮೇಲೆ ಬೈಯಬೇಡಿ.)

ಮಲೇನಿಯಾ ಹತ್ತಿರ ಹೋಗಲು ಒಂದು ಪದಕದ ಎರಡು ತುಂಡುಗಳು ಬೇಕು. ಒಂದು ತುಂಡು ಆಲ್ಬಿನಾರಿಕ್ ಜನರ ಹಾಳುಬಿದ್ದ ಹಳ್ಳಿಯಲ್ಲಿದೆ. ಅಲ್ಲಿ ದಿಬ್ಬದ ಮೇಲೆ ಒಂದು ಮಡಕೆ. ಈ ಗೇಮ್‌ನಲ್ಲಿ ಮಡಕೆಗಳಿಗೆ ಬರಗಾಲವಿಲ್ಲ, ಹೊಡೆದರೆ ಒಡೆದು ಚೂರಾಗುತ್ತವೆ. ಈ ಮಡಕೆ ಮಾತ್ರ ಒಂದು ಏಟು ಹಾಕಿದರೆ ಮುದುಕನಾಗುತ್ತದೆ. ಹೆಸರು ಆಲ್ಬಸ್. ಹಳ್ಳಿಯ ಮೇಲೆ ದಾಳಿ ಆದಾಗ ವೇಷ ಹಾಕಿ ಅಡಗಿ ಕೂತವನು. ಇನ್ನೊಂದು ತುಂಡು ಹಿಮದ ಬೆಟ್ಟದ ಮೇಲೆ ಕ್ಯಾಸಲ್ ಸೋಲ್ ಅನ್ನುವ ಕೋಟೆಯಲ್ಲಿ. ಅಲ್ಲಿ ಕಮಾಂಡರ್ ನಿಯಾಲ್ ಅನ್ನುವವನ ಕೈಯಲ್ಲಿ ಸರಿಯಾಗಿ ಹೊಡೆತ ತಿಂದು ಗೆಲ್ಲಬೇಕು. ಎರಡೂ ಸಿಕ್ಕಿದ ಮೇಲೆ ರೋಲ್ಡ್ ಲಿಫ್ಟ್‌ಗೆ ವಾಪಸ್ ಬನ್ನಿ. ಅದೇ ಲಿಫ್ಟ್, ನೀವು ಹಿಂದೆ ಒಮ್ಮೆ ಹತ್ತಿದ್ದೇ. ಪದಕ ಬದಲಿಸಿ ಎತ್ತಿ ಹಿಡಿದರೆ ಬೇರೆ ಜಾಗಕ್ಕೆ ಒಯ್ಯುತ್ತದೆ. ಅಲ್ಲಿಂದ ಹಿಮದ ಬಯಲು ದಾಟಿ, ಆರ್ಡಿನಾ ಊರಿನಲ್ಲಿ ದೀಪ ಹಚ್ಚುವ ಒಗಟು ಬಿಡಿಸಿದರೆ ಆಮೇಲೆ ಮಿಕೆಲ್ಲಾನ ಹ್ಯಾಲಿಗ್‌ಟ್ರೀ, ಆ ಮರದ ಬುಡದಲ್ಲಿ ಮಲೇನಿಯಾ.

ನನಗೆ ಇದು ಒಳ್ಳೆಯ ಗುಟ್ಟು. ಯಾಕೆ ಅಂತ ಹೇಳುತ್ತೇನೆ. ಆ ಪದಕದ ಸುಳಿವು ಗೇಮ್ ಒಳಗೇ ಇದೆ. ಜನ ಮಾತಾಡುತ್ತಾರೆ, ವಸ್ತುಗಳ ವಿವರಣೆ ಮಾತಾಡುತ್ತದೆ. ಅಡಗಿಸಿದವನು ನಿಮಗೆ ಸಿಗಲಿ ಅಂತಲೇ ಅಡಗಿಸಿದ್ದಾನೆ. ಸುಳಿವೇ ಇಲ್ಲದೆ ಅಡಗಿಸಿದರೆ ಅದು ಗುಟ್ಟಲ್ಲ, ಲಾಟರಿ. ನಮ್ಮಲ್ಲಿ ‘ನೀವು ನೋಡದ ಹತ್ತು ಸೀಕ್ರೆಟ್’ ಅಂತ ವಿಡಿಯೋ ಮಾಡುವವರು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ನನಗೆ ತಕರಾರು ಇರುವುದು ಅಲ್ಲೇ.

ಈ ವ್ಯತ್ಯಾಸ ನನಗೆ ಹೊಳೆದದ್ದು ಗೇಮ್ ಅಂದರೇನು ಅಂತಲೇ ಗೊತ್ತಿಲ್ಲದ ನನ್ನ ಮಾವನಿಂದ. ನಮ್ಮದು ಪೆರ್ಲದ ಹತ್ತಿರ. ಮಳೆಗಾಲದಲ್ಲಿ ಸಿಡಿಲು ಶುರುವಾದರೆ ಮೊದಲು ಮೋಡೆಮ್‌ನ ವಯರ್ ಎಳೆದು ತೆಗೆಯುವ ಊರು. ಹಾಗಾಗಿ ಸಂಜೆ ಹೊತ್ತು ನೆಟ್ ಇಲ್ಲದೆಯೇ ಆಡುವುದು, ಲ್ಯಾಪ್‌ಟಾಪ್‌ನ ಬ್ಯಾಟರಿ ಇರುವಷ್ಟು ಹೊತ್ತು. ಮಾವ ಅಡಿಕೆ ಲೆಕ್ಕ ಮಾತಾಡಲು ಬಂದವರು, ಮಳೆಗೆ ಸಿಕ್ಕಿ ಉಳಿದರು. ನಾನು ಗೇಮ್‌ನ ಲಿಯುರ್ನಿಯಾ ಪ್ರದೇಶದ ಒಂದು ಕ್ಯಾಟಕೂಂಬ್ ಒಳಗೆ, ಅಂದರೆ ನೆಲದಡಿಯ ಸ್ಮಶಾನದಲ್ಲಿ ಸುತ್ತುತ್ತಿದ್ದೆ. ಮಾವ ಹಿಂದೆ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ನೋಡುತ್ತಿದ್ದರು. ಉದ್ದದ ಓಣಿ, ಕೊನೆಗೆ ಗೋಡೆ. ನಾನು ತಿರುಗಿದೆ.

‘ಎಂತ, ಮುಗಿಯಿತಾ?’

‘ಹೌದು ಮಾವ, ಮುಂದೆ ದಾರಿ ಇಲ್ಲ.’

‘ಅಲ್ಲ ಮಾಣಿ, ಇಷ್ಟುದ್ದ ಕೊರೆದವ ಗೋಡೆ ನೋಡಲಿಕ್ಕೆ ಕೊರೆದದ್ದಾ?’

ಮಾವ ಪ್ರಾಯದಲ್ಲಿ ಸುರಂಗ ಕೊರೆದವರು. ಹೊರಗಿನವರಿಗೆ ಹೇಳುವುದಾದರೆ, ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆಯುವ ಸುರಂಗ. ಮುರಕಲ್ಲನ್ನು ಪಿಕ್ಕಾಸಿನಲ್ಲಿ ಕಡಿಯುತ್ತಾ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಒಳಗೆ ಹೋಗುವುದು. ಜತೆಗೆ ಮೋಂಬತ್ತಿ. ಅದು ಮಂಕಾಯಿತು ಅಂದರೆ ಗಾಳಿ ಸಾಲದು, ಹೊರಗೆ ಬರಬೇಕು. ಒರತೆ ಸಿಕ್ಕಿದರೆ ನೀರು ತನ್ನಷ್ಟಕ್ಕೆ ಹರಿದು ತೋಟಕ್ಕೆ ಬರುತ್ತದೆ, ಪಂಪ್ ಬೇಡ, ಕರೆಂಟ್ ಬೇಡ. ಅಂಥ ಕೆಲಸ ಮಾಡಿದವರಿಗೆ ಒಂದು ಗಜ ಕೊರೆಯಲು ಎಷ್ಟು ಬೆವರು ಬೇಕು ಅಂತ ಗೊತ್ತು. ಸುಮ್ನೆ ಯಾರೂ ಕೊರೆಯುವುದಿಲ್ಲ. ಗೇಮ್ ಮಾಡುವವರೂ ಅಷ್ಟೇ ಅಲ್ವಾ? ಓಣಿ ಅಂದರೆ ಯಾರೋ ಕೂತು ಮಾಡಿದ ಕೆಲಸ. ಗೋಡೆಗೆ ಕತ್ತಿ ಬೀಸಿದೆ. ಗೋಡೆ ಹೊಗೆಯಂತೆ ಕರಗಿತು. ಮಾವನಿಗೆ ಏನೂ ಆಶ್ಚರ್ಯ ಆಗಲಿಲ್ಲ, ಉಗಿದು ಬರಲು ಎದ್ದು ಹೋದರು.

ಇಂಥ ಸುಳ್ಳು ಗೋಡೆಗಳು ಎಲ್ಡನ್ ರಿಂಗ್ ತುಂಬ ಇವೆ. ಕತ್ತಿ ಬೀಸಬೇಕು, ಇಲ್ಲವೇ ಅದರತ್ತ ಉರುಳಬೇಕು. ಕೆಲವದರ ಹಿಂದೆ ಚಿಲ್ಲರೆ ಸಾಮಾನು. ಆದರೆ ಬ್ಲ್ಯಾಕ್ ನೈಫ್ ಕ್ಯಾಟಕೂಂಬ್ಸ್‌ನಲ್ಲಿ ಅಂಥ ಗೋಡೆಯ ಹಿಂದೆ ಎರಡನೇ ಬಾಸ್ ಇದ್ದಾಳೆ. ಒಬ್ಬಳು ಹಂತಕಿ. ಅವಳನ್ನು ಸೋಲಿಸಿದ ಮೇಲೆ ಸಿಗುವ ಕತ್ತಿಯ ಗುರುತನ್ನು ರೌಂಡ್‌ಟೇಬಲ್ ಅನ್ನುವ ಆಶ್ರಯತಾಣದಲ್ಲಿ ಕೂತ ಮಾಂತ್ರಿಕ ರೋಜಿಯರ್‌ಗೆ ಕೊಟ್ಟರೆ, ಕತೆಯ ಆರಂಭದ ಕೊಲೆಯ ಹಿಂದೆ ಯಾರ ಕೈ ಇತ್ತು ಅನ್ನುವುದು ಬಿಚ್ಚಿಕೊಳ್ಳುತ್ತದೆ. ಮೊದಲ ಬಾಸ್ ಸತ್ತ ಕೂಡಲೇ ಹೊರಟರೆ ಇದು ತಪ್ಪಿಹೋಗುತ್ತದೆ. ಬಹಳ ಜನ ಹಾಗೇ ಹೊರಡುತ್ತಾರೆ, ಯಾಕೆಂದರೆ ಬಾಸ್ ಸತ್ತರೆ ಆ ಜಾಗ ಮುಗಿಯಿತು ಅಂತ ಬೇರೆ ಗೇಮ್‌ಗಳು ನಮಗೆ ಅಭ್ಯಾಸ ಮಾಡಿಸಿವೆ. ಎಲ್ಡನ್ ರಿಂಗ್ ಮಾಡಿದ ಇದೇ ಫ್ರಮ್‌ಸಾಫ್ಟ್‌ವೇರ್ ಕಂಪನಿಯವರು 2011ರ ಡಾರ್ಕ್ ಸೋಲ್ಸ್ ಗೇಮ್‌ನಲ್ಲಿ ಇನ್ನೂ ಕಿತಾಪತಿ ಮಾಡಿದ್ದರು. ಬ್ಲೈಟ್‌ಟೌನ್‌ನ ಕೆಸರಿನಲ್ಲಿ ಒಂದು ಸುಳ್ಳು ಗೋಡೆ, ಅದರ ಹಿಂದೆ ಪೆಟ್ಟಿಗೆ. ಪೆಟ್ಟಿಗೆ ಸಿಕ್ಕಿತಲ್ಲ ಅಂತ ಖುಷಿಯಲ್ಲಿ ತಿರುಗುತ್ತೀರಿ. ಆ ಪೆಟ್ಟಿಗೆಯ ಹಿಂದಿನ ಗೋಡೆಯೂ ಸುಳ್ಳು. ಅದರಾಚೆ ಒಂದು ದೊಡ್ಡ ಟೊಳ್ಳು ಮರ, ಮರ ಇಳಿದರೆ ಬೂದಿಯ ಸರೋವರ. ಇನಾಮು ಕೊಟ್ಟು ಕಳಿಸುವುದು! ಅದಕ್ಕಿಂತ ಒಳ್ಳೆಯ ಅಡಗುತಾಣ ಇಲ್ಲ.

ಇನ್ನೊಂದು ಗೋಡೆಯ ಕತೆ ಹೇಳದೆ ಹೋಗುವ ಹಾಗಿಲ್ಲ. ಎಲ್ಡನ್ ರಿಂಗ್ ಬಿಡುಗಡೆ ಆದದ್ದು 2022ರ ಫೆಬ್ರವರಿ 25ಕ್ಕೆ. ಕೆಲವೇ ವಾರಗಳಲ್ಲಿ ವಾಲ್ಕೇನೋ ಮ್ಯಾನರ್‌ನ ಒಂದು ಗೋಡೆ ಸುಮಾರು 50 ಏಟು ಹಾಕಿದರೆ ಮಾಯವಾಗುತ್ತದೆ ಅಂತ ಯಾರೋ ಕಂಡುಹಿಡಿದರು. ತಗೊಳ್ಳಿ, ಜಗತ್ತಿನ ಎಲ್ಲ ಆಟಗಾರರೂ ಎಲ್ಲ ಗೋಡೆಗಳಿಗೂ ಬಡಿಯಲು ಶುರು. ಆ ಗೋಡೆಯ ಹಿಂದೆ ಏನಿತ್ತು? ಬೇರೆ ದಾರಿಯಲ್ಲಿ ಹೇಗೂ ಹೋಗಬಹುದಾದ ಜಾಗ. ಕೋಡ್‌ನಲ್ಲಿ ಉಳಿದುಹೋದ ತಪ್ಪು ಅನ್ನುವ ವಿವರಣೆಯೇ ನನಗೆ ಸರಿ ಅನಿಸುತ್ತದೆ. ಸುಳಿವಿಲ್ಲ, ಕಾರಣವಿಲ್ಲ, ಕೊನೆಗೆ ಫಲವೂ ಇಲ್ಲ. ಮಾವನ ಪ್ರಶ್ನೆ ಕೇಳಿದರೆ ಅಲ್ಲಿ ಉತ್ತರ ಬರುವುದಿಲ್ಲ. ಸ್ಕೈರಿಮ್ ಅನ್ನುವ ಇನ್ನೊಂದು ಗೇಮ್‌ನ ಡಾನ್‌ಸ್ಟಾರ್ ಊರಲ್ಲಿ ನೆಲದೊಳಗೆ ಹೂತ ಕಾಣದ ಪೆಟ್ಟಿಗೆಯೂ ಇದೇ ಜಾತಿ. ಅದು ಖಜೀಟ್ ವ್ಯಾಪಾರಿಗಳ ಸರಕು ಇಡಲು ಗೇಮ್ ಇಟ್ಟುಕೊಂಡ ಗೋದಾಮು. ಬಾಚಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಗುಟ್ಟು ಅನ್ನಬೇಡಿ.

ಈಗ ನನ್ನ ಮೆಚ್ಚಿನದು. ಎಲ್ಡನ್ ರಿಂಗ್‌ನ ಲಿಮ್‌ಗ್ರೇವ್ ಪ್ರದೇಶದಲ್ಲಿ ಮಿಸ್ಟ್‌ವುಡ್ ಅಂತ ಕಾಡು. ಅಲ್ಲಿ ಪಾಳು ಗೋಡೆಗಳ ಹತ್ತಿರ ಹೋದರೆ ತೋಳ ಊಳಿಡುವ ದನಿ ಕೇಳುತ್ತದೆ. ತೋಳ ಮಾತ್ರ ಕಾಣುವುದಿಲ್ಲ. ಹಾಡು ಹಾಕಿಕೊಂಡು ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ದನಿ ಕೇಳಿದ ಮೇಲೆ ಆಟ ಶುರುವಾಗುವ ಜಾಗದ ಚರ್ಚ್‌ನಲ್ಲಿ ಕೂತ ವ್ಯಾಪಾರಿ ಕಾಲೆಯ ಹತ್ತಿರ ಹೋಗಿ ಮಾತಾಡಬೇಕು. ಅವನು ಬೆರಳು ಚಿಟಿಕೆ ಹೊಡೆಯಲು ಹೇಳಿಕೊಡುತ್ತಾನೆ. ಮತ್ತೆ ಕಾಡಿಗೆ ಬಂದು ದನಿಯ ಕೆಳಗೆ ನಿಂತು ಚಿಟಿಕೆ ಹೊಡೆದರೆ ಮೇಲಿಂದ ಧೊಪ್ಪನೆ ಹಾರುತ್ತಾನೆ ಬ್ಲೈದ್, ಮನುಷ್ಯನ ಮೈ, ತೋಳದ ಮುಖ. ಎಷ್ಟು ನ್ಯಾಯವಾದ ಗುಟ್ಟು ನೋಡಿ. ಕಿವಿ ಇದ್ದರೆ ಸಾಕು.

ಅದೇ ಕಾಡಿನಲ್ಲಿ ಕಲ್ಲಿನ ಒಂದು ಕಟ್ಟಡ, ಒಳಗೆ ಲಿಫ್ಟ್. ಇಳಿಯುತ್ತದೆ, ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ. ಏನೋ ಕೆಟ್ಟುಹೋಗಿದೆ ಅಂದುಕೊಳ್ಳುವಷ್ಟು ಹೊತ್ತು. ಕೆಳಗೆ ಹೋದರೆ ಸಿಯೋಫ್ರಾ ನದಿ, ತಲೆಯ ಮೇಲೆ ನಕ್ಷತ್ರ. ನೆಲದಡಿಯಲ್ಲಿ ಆಕಾಶ! ಅಲ್ಲಿಗೆ ದಾರಿ ತೋರಿಸುವ ಬಾಣದ ಗುರುತು ಇಲ್ಲ. ಆ ನದಿಯ ದಡದಿಂದ ಮೇಲೆ ನೋಡಿದರೆ ದೂರದಲ್ಲಿ ಒಂದು ನಗರ ಕಾಣುತ್ತದೆ, ಹೋಗಲು ದಾರಿ ಸಿಗುವುದಿಲ್ಲ. ಅದು ನೋಕ್ರಾನ್. ಅಲ್ಲಿಗೆ ದಾರಿ ತೆರೆಯುವುದು ಬಹಳ ದೂರದ ಕೇಲಿಡ್‌ನಲ್ಲಿ ರಡಾನ್ ಅನ್ನುವ ಬಾಸ್ ಬಿದ್ದ ಮೇಲೆ. ರಡಾನ್ ನಕ್ಷತ್ರಗಳ ಓಟವನ್ನೇ ತಡೆದು ನಿಲ್ಲಿಸಿದವನು. ಅವನು ಬಿದ್ದ ಕೂಡಲೇ ಒಂದು ಉಲ್ಕೆ ಹಾರಿ ಬಂದು ಲಿಮ್‌ಗ್ರೇವ್‌ನ ನೆಲಕ್ಕೆ ಬಡಿಯುತ್ತದೆ. ವಿಡಿಯೋದಲ್ಲಿ ಕಣ್ಣೆದುರೇ ತೋರಿಸುತ್ತಾರೆ. ಬಟನ್ ಒತ್ತಿ ವಿಡಿಯೋ ಹಾರಿಸುವವರಿಗೆ ಮಾತ್ರ ಗುಟ್ಟು. ಹೋಗಿ ನೋಡಿದರೆ ದೊಡ್ಡ ಗುಂಡಿ, ಸುತ್ತ ಕಲ್ಲುಗಳು ಗಾಳಿಯಲ್ಲಿ ತೇಲುತ್ತಿವೆ, ಇಳಿದರೆ ನೋಕ್ರಾನ್. ನೂರಾರು ಸಲ ಕುದುರೆ ಓಡಿಸಿದ ನೆಲವೇ ಬಾಯಿ ತೆರೆದು ನಿಂತಿರುತ್ತದೆ. ರಾನ್ನಿ ಅನ್ನುವ ಪಾತ್ರದ ಕತೆ ಪೂರ್ತಿ ಆಗಬೇಕಾದರೆ ಈ ಗುಂಡಿ ಇಳಿಯಲೇಬೇಕು.

ಹಿಡಿಸದೇ ಇದ್ದದ್ದನ್ನೂ ಹೇಳಿಬಿಡುತ್ತೇನೆ. ಜನರ ಕತೆಗಳನ್ನು ಈ ಗೇಮ್ ಅತಿಯಾಗಿ ಬಚ್ಚಿಡುತ್ತದೆ. ಒಬ್ಬ ಇವತ್ತು ಇಲ್ಲಿ ಕೂತಿರುತ್ತಾನೆ, ನಾಳೆ ಎಲ್ಲಿಗೆ ಹೋದ ಅಂತ ಸುಳಿವಿಲ್ಲ. ಮಾರ್ಚ್ 2022ರ 1.03 ಅಪ್ಡೇಟ್‌ನಲ್ಲಿ ಭೇಟಿಯಾದವರ ಗುರುತು ಮ್ಯಾಪ್‌ನಲ್ಲಿ ಬರುವ ಹಾಗೆ ಮಾಡಿದರು. ಅದೇ ಅಪ್ಡೇಟ್‌ನಲ್ಲಿ ನೆಫೆಲಿ, ಡಿಯಾಲೋಸ್, ಕೆನೆತ್ ಇವರ ಕತೆಯ ಮುಂದಿನ ಭಾಗಗಳನ್ನೂ ಸೇರಿಸಿದರು. ಅರ್ಥ ಆಯಿತಲ್ಲ? ಅಲ್ಲಿವರೆಗೆ ಜನ ಹುಡುಕುತ್ತಿದ್ದ ಮುಂದಿನ ಭಾಗ ಗೇಮ್‌ನಲ್ಲಿ ಇರಲೇ ಇಲ್ಲ! ‘ಎಲ್ಲೋ ಅಡಗಿಸಿದ್ದಾರೆ’ ಅಂತ ನಂಬಿದ್ದೇ ನಂಬಿದ್ದು. ಗುಟ್ಟಿಗೆ ಹೆಸರಾದ ಕಂಪನಿಗೆ ಇದೊಂದು ಅನುಕೂಲ, ಅರ್ಧ ಕೆಲಸವೂ ರಹಸ್ಯದ ಲೆಕ್ಕಕ್ಕೆ ಹೋಗುತ್ತದೆ.

ಫಿಯಾಳ ಅಪ್ಪುಗೆ ಮಾತ್ರ ನನಗೆ ಬಹಳ ಇಷ್ಟ. ರೌಂಡ್‌ಟೇಬಲ್‌ನ ಒಂದು ಕೋಣೆಯಲ್ಲಿ ಕೂತ ಹೆಂಗಸು, ಒಮ್ಮೆ ಅಪ್ಪಿಕೊಳ್ಳಲಾ ಅಂತ ಕೇಳುತ್ತಾಳೆ. ಒಪ್ಪಿದರೆ ಒಂದು ವರ ಸಿಗುತ್ತದೆ. ಆ ವರ ಚೀಲದಲ್ಲಿ ಇರುವಷ್ಟು ಹೊತ್ತು ನಿಮ್ಮ ಜೀವದ ಪಟ್ಟಿಯಲ್ಲಿ 5 ಶೇಕಡಾ ಕಡಿಮೆ. ಪಟ್ಟಿಯ ಕೆಳಗೆ ಸಣ್ಣ ಕೆಂಪು ಗುರುತು ಬರುತ್ತದೆ, ಅಷ್ಟೇ. ವರವನ್ನು ಬಳಸಿಬಿಟ್ಟರೆ ಗುರುತು ಹೋಗುತ್ತದೆ. ನನ್ನ ಭಾವ ಆ ಗುರುತು ಇಟ್ಟುಕೊಂಡೇ ರಾಜಧಾನಿವರೆಗೆ ಆಡಿ ಬಂದ, ‘ಈ ಗೇಮ್ ಕಷ್ಟ’ ಅಂತ ಊರಿಡೀ ಹೇಳಿಕೊಂಡು ತಿರುಗಿದ. ಗುರುತು ಕಣ್ಣ ಮುಂದೆಯೇ ಇತ್ತು, ಭಾವಾ.

ಗುಟ್ಟು ಇಡುವ ಚಾಳಿ ಹಳೆಯದೇ. 1980ರಲ್ಲಿ ಅಟಾರಿಯ ಅಡ್ವೆಂಚರ್ ಅನ್ನುವ ಗೇಮ್ ಬಂತು, ಡ್ರ್ಯಾಗನ್, ಕೋಟೆ, ಕತ್ತಿ ಎಲ್ಲ ಇರುವಂಥದ್ದು. ಆ ಕಾಲದಲ್ಲಿ ಕಂಪನಿ ಗೇಮ್ ಮಾಡಿದವರ ಹೆಸರು ಹಾಕುತ್ತಿರಲಿಲ್ಲ. ವಾರನ್ ರಾಬಿನೆಟ್ ಯಾರಿಗೂ ಹೇಳದೆ ಒಳಗೊಂದು ಕೋಣೆ ಮಾಡಿ ತನ್ನ ಹೆಸರು ಬರೆದಿಟ್ಟ. ಅಲ್ಲಿಗೆ ಹೋಗಲು ಹಿನ್ನೆಲೆಯ ಬಣ್ಣದ್ದೇ ಆದ ಒಂದು ಚುಕ್ಕಿಯನ್ನು ಎತ್ತಿಕೊಂಡು ಹೋಗಬೇಕು. ಅದನ್ನು ಕಂಡುಹಿಡಿದದ್ದು ಒಬ್ಬ ಹುಡುಗ, ಪತ್ರ ಬರೆದು ಕಂಪನಿಗೆ ತಿಳಿಸಿದ. ಯೂಟ್ಯೂಬ್ ಇಲ್ಲದ ಕಾಲ, ಪುಣ್ಯವಂತ.

ನೆಟ್ ಇಲ್ಲದೆ ಆಡುವುದರಲ್ಲೂ ಒಂದು ಲಾಭ ಇದೆ. ನೆಟ್ ಇದ್ದರೆ ನೆಲದ ತುಂಬ ಬೇರೆ ಆಟಗಾರರು ಬರೆದಿಟ್ಟ ಸಂದೇಶಗಳು. ‘ಮುಂದೆ ಗುಪ್ತ ದಾರಿ’ ಅಂತ ಗಟ್ಟಿ ಗೋಡೆಯ ಮುಂದೆ ಬರೆಯುವವರು, ಪ್ರಪಾತದ ಅಂಚಿನಲ್ಲಿ ‘ಹಾರಿ ನೋಡಿ’ ಅನ್ನುವವರು. ನಗು ಬರುತ್ತದೆ, ನಿಜ. ಆದರೆ ಆಗ ನಾವು ಗೋಡೆ ನೋಡುವುದನ್ನು ಬಿಟ್ಟು ಸಂದೇಶ ನೋಡುತ್ತೇವೆ. ಇನ್ನೊಂದು, ಈ ಗೇಮ್ ಕನ್ನಡದಲ್ಲಿ ಇಲ್ಲ. ಮಾವ ‘ಅದೆಂತ ಬರೆದದ್ದು’ ಅಂತ ಕೇಳಿದಾಗಲೆಲ್ಲ ವಸ್ತುಗಳ ವಿವರಣೆ ಓದಿ ಹೇಳಬೇಕಾಯಿತು. ಒಬ್ಬನೇ ಇದ್ದರೆ ಖಂಡಿತ ಓದುತ್ತಿರಲಿಲ್ಲ. ಸುಳಿವುಗಳು ಇರುವುದೇ ಅಲ್ಲಿ.

ಕೊನೆಗೆ ಒಂದು ಸಿಟ್ಟು. 2024ರ ಜೂನ್ 21ಕ್ಕೆ ಬಂದ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ, ಎಲ್ಡನ್ ರಿಂಗ್‌ಗೆ ಸೇರಿಸಿದ ಹೊಸ ಭಾಗ. ದುಡ್ಡು ಕೊಟ್ಟು ತಗೊಂಡ ಮೇಲೂ ಒಳಗೆ ಹೋಗಬೇಕಾದರೆ ರಡಾನ್ ಮತ್ತು ಮೋಗ್ ಇಬ್ಬರನ್ನೂ ಕೊಂದಿರಬೇಕು. ಮೋಗ್ ಇರುವುದು ಅಡಗಿಸಿಟ್ಟ ಅರಮನೆಯಲ್ಲಿ. ಐಚ್ಛಿಕವಾಗಿ ಇದ್ದ ಗುಟ್ಟನ್ನು ಟಿಕೆಟ್ ಕೌಂಟರ್ ಮಾಡಿದ್ದು ನನಗೆ ಸರಿ ಕಾಣಲಿಲ್ಲ. ಹಿಮದ ಬಯಲಿನ ಪಶ್ಚಿಮಕ್ಕೆ ಅಲ್ಲಿಗೆ ಒಯ್ಯುವ ಮಾಯಾದ್ವಾರ ಇದೆ. ಅಷ್ಟು ದೂರ ಹೋಗದವರು ವಾರ್ರೆ ಅನ್ನುವ ಪಾತ್ರದ ಕೆಲಸ ಮಾಡಿಕೊಡಿ. ಮೊದಲು ಅದಕ್ಕೆ ನೆಟ್‌ನಲ್ಲಿ ಬೇರೆಯವರ ಗೇಮ್ ಒಳಗೆ ನುಗ್ಗಬೇಕಿತ್ತು. 1.06 ಅಪ್ಡೇಟ್ ಆದ ಮೇಲೆ ನೆಟ್ ಇಲ್ಲದೆಯೂ ಗೇಮ್‌ನ ಒಬ್ಬ ಪಾತ್ರಧಾರಿಯನ್ನು ಸೋಲಿಸಿದರೆ ಸಾಕು. ಮೋಡೆಮ್ ವಯರ್ ಎಳೆದಿಟ್ಟ ನಮ್ಮೂರಿನವರಿಗೂ ಆಗುತ್ತದೆ.