ಯಾವ ಲಾರಿಸಾ ಸ್ವಾಮಿ?

ಈಗಷ್ಟೇ ಒಂದು ಕ್ವಿಜ್ ವಿಡಿಯೋ ನೋಡಿ ಮೈ ಉರೀತಿದೆ. ಪ್ರಶ್ನೆ: ನೆಪ್ಚೂನ್ ಗ್ರಹದ ಲಾರಿಸಾ ಅನ್ನೋ ಚಂದ್ರನಿಗೆ ಹೆಸರು ಎಲ್ಲಿಂದ ಬಂತು? "ಸರಿಯುತ್ತರ": ಗ್ರೀಸ್ ದೇಶದ ಲಾರಿಸಾ ನಗರದಿಂದ. ಅದರ ಮೇಲೆ ಪುಕ್ಕಟೆ ಜ್ಞಾನ ಬೇರೆ. ಜಗತ್ತಿನಲ್ಲಿರೋ ಲಾರಿಸಾಗಳೆಲ್ಲ, ಊರಾಗಲಿ ಹೆಂಗಸರಾಗಲಿ, ಆ ಒಂದೇ ನಗರದ ಸಂತಾನವಂತೆ! ಹಳೇ ಭೂಪಟ, ಹಳೇ ಊರ ಹೆಸರು ಅಂದರೆ ನನಗೆ ತಾಳ್ಮೆ ಎಷ್ಟು ಅಂತ ನಿಮಗೆಲ್ಲ ಗೊತ್ತಲ್ಲ. ಹಾಗಾಗಿ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಮೊದಲು ಚಂದ್ರ. ನೆಪ್ಚೂನಿನ ಉಪಗ್ರಹಗಳಿಗೆ ಸಮುದ್ರದೇವ ಪೊಸೈಡನ್ನನ ನಂಟಿರುವ, ಇಲ್ಲವೇ ನೀರಿನ ನಂಟಿರುವ ಪುರಾಣದ ಹೆಸರನ್ನೇ ಇಡೋದು ಪದ್ಧತಿ. 1981ರಲ್ಲಿ ಒಂದು ನಕ್ಷತ್ರಕ್ಕೆ ಏನೋ ಅಡ್ಡ ಬಂದು ಅದರ ಬೆಳಕು ಕ್ಷಣಕಾಲ ಮರೆಯಾದಾಗ ಇದರ ಸುಳಿವು ಸಿಕ್ಕಿತು. 1989ರಲ್ಲಿ ವಾಯೇಜರ್ 2 ನೌಕೆ ಖಚಿತ ಮಾಡಿತು, 1991ರಲ್ಲಿ ನಾಮಕರಣವಾಯಿತು. ಆ ಲಾರಿಸಾ ಪೊಸೈಡನ್ನನ ಪ್ರೇಯಸಿ, ಊರಲ್ಲ. ಊರಿನ ಹೆಸರು ಹೊತ್ತಿರೋದು 1930ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಕಾರ್ಲ್ ರೈನ್‌ಮುತ್ ಕಂಡುಹಿಡಿದ 1162ನೇ ಕ್ಷುದ್ರಗ್ರಹ. ಆಕಾಶದಲ್ಲೇ ಎರಡು ಲಾರಿಸಾ ಇವೆ, ವಿಡಿಯೋದವರು ಒಂದಕ್ಕೆ ಇನ್ನೊಂದರ ಜಾತಕ ಓದಿದ್ದಾರೆ.

ಇನ್ನು ನೆಲಕ್ಕೆ ಬನ್ನಿ. ಈ ಹೆಸರು ಗ್ರೀಕರು ಬರೋದಕ್ಕೂ ಮುಂಚಿನ ಯಾವುದೋ ಭಾಷೆಯದು ಅನ್ನೋದು ವಿದ್ವಾಂಸರಲ್ಲಿ ಬಹುಮಂದಿಯ ಮಾತು. ಪಾರ್ನಾಸಸ್ ಬೆಟ್ಟ, ಹ್ಯಾಲಿಕಾರ್ನಾಸಸ್ ನಗರ, ಈ ಹೆಸರುಗಳ ಬಾಲದಲ್ಲಿರೋ ಅದೇ ಸಕಾರ ಇಲ್ಲೂ ಇದೆ. ಕೋಟೆ ಅಂತ ಅರ್ಥ ಇದ್ದಿರಬೇಕು ಅಂತಾರೆ. ಹಾಗಾದರೆ ಲೆಕ್ಕ ಸುಲಭ. ನಮ್ಮಲ್ಲಿ ಹೊಸಕೋಟೆಗಳು ಎಷ್ಟಿಲ್ಲ? ಅವೆಲ್ಲ ಬೆಂಗಳೂರು ಪಕ್ಕದ ಹೊಸಕೋಟೆಯಿಂದ ವಲಸೆ ಹೋದವರು ಕಟ್ಟಿದ್ದು ಅಂತ ಯಾರಾದರೂ ಹೇಳಿದರೆ ನಗಲ್ವಾ? ಗ್ರೀಕ್ ಹೆಸರು ಅಂದ ತಕ್ಷಣ ಮಾತ್ರ ಆ ನಗು ಎಲ್ಲಿ ಹೋಗುತ್ತೋ.

ಗ್ರೀಸ್ ದೇಶದ ಥೆಸಲಿ ಸೀಮೆಯ ಬಯಲಲ್ಲಿ ಪೇನಿಯೋಸ್ ನದಿಯ ದಂಡೆ ಮೇಲಿರೋದು ಈಗಲೂ ದೊಡ್ಡ ನಗರವಾಗಿರುವ ಲಾರಿಸಾ. ಅದೇ ಥೆಸಲಿಯ ದಕ್ಷಿಣದಲ್ಲಿ, ಸಮುದ್ರದ ಕಡೆ, ಗುಡ್ಡದ ಓರೆಗೆ ಅಂಟಿಕೊಂಡ ಇನ್ನೊಂದು. ಅದಕ್ಕೆ "ನೇತಾಡುವ ಲಾರಿಸಾ" ಅಂತಲೇ ಹೆಸರು. ಇನ್ನು ದಕ್ಷಿಣ ಗ್ರೀಸಿನ ಆರ್ಗೋಸ್ ಊರಿನ ಕೋಟೆಬೆಟ್ಟದ ಹೆಸರೂ ಲಾರಿಸಾ. ಎಡವಟ್ಟು ಹೆಚ್ಚು ಆಗೋದು ಇಲ್ಲೇ. ಆರ್ಗೋಸಿನ ದೊರೆ ಅಕ್ರಿಸಿಯೋಸ್ ಮೊಮ್ಮಗ ಪರ್ಸಿಯಸ್ ಎಸೆದ ಡಿಸ್ಕಸ್ ತಗುಲಿ ಲಾರಿಸಾದಲ್ಲಿ ಸತ್ತ ಅನ್ನೋ ಕತೆ ಓದಿದವರು, ತನ್ನ ಕೋಟೆಯಲ್ಲೇ ಸತ್ತ ಅಂದುಕೊಳ್ತಾರೆ. ಹಳೇ ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಹೇಳೋದು ಪೇನಿಯೋಸ್ ದಂಡೆಯ ಲಾರಿಸಾ ಅಂತ. ಮೊಮ್ಮಗನ ಕೈಯಲ್ಲಿ ಸಾವು ಅಂತ ಭವಿಷ್ಯವಾಣಿ ಆಗಿದ್ದಕ್ಕೆ ಹೆದರಿದ ಮುದುಕ ಊರಿಂದ ಅಷ್ಟು ದೂರ ಹೋದರೂ ಬಿಡಲಿಲ್ಲ ಅನ್ನೋದೇ ಕತೆಯ ಬಿಗಿ. ಬೆಟ್ಟಕ್ಕೂ ನಗರಕ್ಕೂ ಗಂಟು ಹಾಕಿದರೆ ಕತೆ ಸಪ್ಪೆ.

ಯಾವ ಲಾರಿಸಾ ಅಂತ ಪತ್ತೆ ಹಚ್ಚೋದು ಹೇಗೆ? ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ಮಾಡಿ ತೋರಿಸಿದ್ದಾನೆ. ಹೋಮರನ ಮಹಾಕಾವ್ಯ ಇಲಿಯಡ್‌ನಲ್ಲಿ ಹಿಪ್ಪೋಥೂಸ್ ಅನ್ನುವವನು ಟ್ರಾಯ್ ಪರ ಹೋರಾಡಿ "ಫಲವತ್ತಾದ ಲಾರಿಸಾದಿಂದ ದೂರ" ಬಿದ್ದ ಅಂತ ಬರುತ್ತೆ. ಟ್ರಾಯ್ ಸೀಮೆಯಲ್ಲೇ ಒಂದು ಲಾರಿಸಾ ಇತ್ತು, ಆದರೆ ಅದು ಸುಮಾರು 200 ಸ್ಟೇಡಿಯ, ಅಂದರೆ 37 ಕಿಲೋಮೀಟರ್ ಅಷ್ಟೇ. ಇದನ್ನು ದೂರ ಅಂತಾರಾ ಅಂತ ಸ್ಟ್ರಾಬೋ ತಗಾದೆ. ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಕೂಮೆ ನಗರದ ಹತ್ತಿರದ ಲಾರಿಸಾ ಸುಮಾರು 1000 ಸ್ಟೇಡಿಯ, 185 ಕಿಲೋಮೀಟರ್. ಅದೇ ಇರಬೇಕು ಅಂತ ತೀರ್ಮಾನ. ಹೋಮರ್ ಅಷ್ಟು ಅಳೆದೂ ಸುರಿದೂ ಪದ ಇಟ್ಟಿದ್ದನಾ ಅನ್ನೋದು ಬೇರೆ ಜಗಳ. ಆದರೆ ಕ್ರಮ ನೋಡಿ: ದೂರ ಅಳೆ, ನದಿ ಯಾವುದು ನೋಡು, ಆಮೇಲೆ ಬಾಯಿ ಬಿಡು. ಅದೇ ಸ್ಟ್ರಾಬೋ ಇನ್ನೊಂದು ಗಮನಿಸಿದ್ದ. ಮೂರು ಲಾರಿಸಾಗಳು ಪೇನಿಯೋಸ್, ಹೆರ್ಮೋಸ್, ಕೈಸ್ಟ್ರೋಸ್ ಅನ್ನೋ ಮೂರು ನದಿಗಳು ತಂದು ಸುರಿದ ಮೆಕ್ಕಲು ಮಣ್ಣಿನ ನೆಲದವು. ಹಾಗಾಗಿ "ಫಲವತ್ತಾದ" ಅನ್ನೋ ವಿಶೇಷಣ ಒಂದನ್ನೇ ನಂಬಿ ಊರು ಗುರುತಿಸೋಕೆ ಹೋದರೆ ಕೆಟ್ಟಿರಿ.

ಕ್ರಿಸ್ತಪೂರ್ವ 401ರಲ್ಲಿ ಗ್ರೀಕ್ ಸೈನಿಕ, ಲೇಖಕ ಕ್ಸೆನೋಫನ್ ಟೈಗ್ರಿಸ್ ದಂಡೆಯಲ್ಲೂ ಒಂದು ಲಾರಿಸಾ ಕಂಡ! ಜನರಿಲ್ಲದ ಹಾಳು ನಗರ, ಇಟ್ಟಿಗೆಯ ಗೋಡೆ 25 ಅಡಿ ದಪ್ಪ, 100 ಅಡಿ ಎತ್ತರ, ಪಕ್ಕದಲ್ಲಿ ಕಲ್ಲಿನ ಪಿರಮಿಡ್ಡು. ಅದು ಇರಾಕಿನ ನಿಮ್ರುದ್, ಅಸ್ಸೀರಿಯನ್ನರ ಕಾಲ್ಹು. ಗ್ರೀಕರಿಗೂ ಅದಕ್ಕೂ ಸುತರಾಂ ಸಂಬಂಧ ಇಲ್ಲ. ಕಿವಿಗೆ ಬಿದ್ದ ಯಾವುದೋ ಸ್ಥಳೀಯ ಹೆಸರನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಂಡಿರಬೇಕು.

ನಿಜವಾಗಿ ಥೆಸಲಿಯಿಂದ ಹೊರಟ ಹೆಸರೂ ಒಂದಿದೆ. ಸಿರಿಯಾದ ಒರಾಂಟಿಸ್ ನದಿ ಮೇಲಿನ ಶೈಜರ್. ಅಲೆಕ್ಸಾಂಡರನ ಸೇನಾಪತಿಯಾಗಿದ್ದು ಆಮೇಲೆ ದೊರೆಯಾದ ಸೆಲ್ಯೂಕಸ್ ಕಾಲದಲ್ಲಿ ಥೆಸಲಿಯ ಸೈನಿಕರು ಅಲ್ಲಿ ನೆಲೆಸಿ ಲಾರಿಸಾ ಅಂದರು. ಕಾಲಾಂತರದಲ್ಲಿ ಆ ಹೆಸರು ಉದುರಿ, ಮೊದಲಿದ್ದ ಸ್ಥಳೀಯ ಹೆಸರೇ ಮೇಲೆದ್ದಿತು. ವಿಡಿಯೋದವರಿಗೆ ಇದೊಂದು ಗೊತ್ತಿದ್ದರೆ ಅರ್ಧ ಅಂಕ ಕೊಡ್ತಿದ್ದೆ.

"ಎಲ್ಲಕ್ಕೂ ಮೂಲ ಆ ಅಪ್ಸರೆ ಲಾರಿಸಾ ತಾನೇ, ಗ್ರೀಕರೇ ಹಾಗಂದಿದ್ದಾರಲ್ಲ" ಅಂತ ಒಬ್ಬರು ಬಂದೇ ಬರ್ತಾರೆ. ಹೌದು, ಆರ್ಗೋಸಿನ ಬೆಟ್ಟಕ್ಕೂ ಥೆಸಲಿಯ ಎರಡು ಊರಿಗೂ ಪುರಾಣದ ದೊರೆ ಪೆಲಾಸ್ಗೋಸನ ಮಗಳು ಲಾರಿಸಾಳ ಹೆಸರು ಅಂತ ಪೌಸೇನಿಯಸ್ ಬರೆದಿದ್ದಾನೆ. ಊರಿದ್ದ ಕಡೆಯೆಲ್ಲ ಹೆಸರಿಗೊಬ್ಬ ಹುಡುಗಿಯನ್ನು ಹುಟ್ಟಿಸೋದು ಗ್ರೀಕರ ಚಾಳಿ. ಅದನ್ನೇ ಪುರಾವೆ ಅಂದರೆ ಮುಗೀತು.

ಹೆಂಗಸರ ಹೆಸರಿನ ಕತೆ ಬೇರೆ. ಅದು ರಷ್ಯಾದಲ್ಲಿ ಬಳಕೆಗೆ ಬಂದದ್ದು ಚರ್ಚಿನ ಪಂಚಾಂಗದಿಂದ. 4ನೇ ಶತಮಾನದಲ್ಲಿ ಗಾತ್ ಜನರ ನಡುವೆ ಹುತಾತ್ಮಳಾದ ಸಂತ ಲಾರಿಸಾ ಅದರಲ್ಲಿದ್ದಾಳೆ. 1956ರಿಂದ 1964ರವರೆಗಿನ ಮೂರು ಒಲಿಂಪಿಕ್ಸ್‌ನಲ್ಲಿ 18 ಪದಕ ಬಾಚಿದ ಸೋವಿಯತ್ ಜಿಮ್ನಾಸ್ಟ್ ಲಾರಿಸಾ ಲ್ಯಾಟಿನಿನಾ ಹೆಸರು ಆ ದಾರಿಯದು. ಮಕ್ಕಳ ಹೆಸರಿನ ಪಟ್ಟಿಗಳಲ್ಲಿ "ಲಾರಿಸಾ ಅಂದರೆ ಕಡಲಹಕ್ಕಿ" ಅಂತ ಇರುತ್ತಲ್ಲ, ಅದು ಲಾರೋಸ್ ಅನ್ನೋ ಗ್ರೀಕ್ ಪದದ ದನಿ ಹೋಲುತ್ತೆ ಅಂತ ಕಟ್ಟಿದ್ದು. ಕೋಟೆಗೆ ರೆಕ್ಕೆ ಕಟ್ಟಿ ಹಾರಿಸಿದ್ದಾರೆ.

ಹಳೇ ನಾಣ್ಯ ಸಂಗ್ರಹಿಸುವ ಗೆಳೆಯರಿಗೆ ಒಂದು ಮಾತು. ನಾಣ್ಯದ ಮೇಲೆ "ಲಾರಿ" ಅನ್ನೋ ನಾಲ್ಕೇ ಗ್ರೀಕ್ ಅಕ್ಷರ ಇದ್ದರೆ ತಕ್ಷಣ ಥೆಸಲಿಯ ದೊಡ್ಡ ನಗರದ್ದು ಅಂತ ಲಾರಿ ಹತ್ತಿಸಬೇಡಿ. ಒಂದು ಕಡೆ ಅಪ್ಸರೆಯ ಮುಖ, ಇನ್ನೊಂದು ಕಡೆ ಕುದುರೆ ಇದ್ದರೆ ಅದು ಪೇನಿಯೋಸ್ ದಂಡೆಯದು. ಟ್ರಾಯ್ ಯುದ್ಧದ ವೀರ ಅಕಿಲಿಸ್ ಮುಖ, ಹಿಂದೆ ಮೀನುಬಾಲದ ಕುದುರೆ ಮೇಲೆ ಗುರಾಣಿ ಹಿಡಿದು ಕೂತ ಅವನ ತಾಯಿ ಥೆಟಿಸ್ ಇದ್ದರೆ ಅದು ನೇತಾಡುವ ಲಾರಿಸಾದ್ದು. ಹುಡುಕುವಾಗ ಇಂಗ್ಲಿಷಿನಲ್ಲಿ ಒಂದು ಎಸ್, ಎರಡು ಎಸ್ ಎರಡೂ ಹಾಕಿ ನೋಡಿ. ಹಳೇ ನಾಣ್ಯಗಳ ಮೇಲೆ ಸಾಮಾನ್ಯವಾಗಿ ಇರೋದು ಒಂದೇ.